ಕೂದಲ ಕುಚ್ಚಿನ ಗಾಳ ಕಟ್ಟುವುದು ಹೇಗೆ?

ಈ ಸಲದ ಗೋಡೆ ಪತ್ರಿಕೆಗೆ ನಾನು ಗಾಳದ ಬಗ್ಗೆ ಬರೆಯುತ್ತಿದ್ದೇನೆ. ಹುಡುಗಿಗೆ ಯಾಕೆ ಗಾಳದ ಸುದ್ದಿ ಅಂತ ನಗಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿ.

ನಮ್ಮ ಗಾಜನೂರಿನ ಪಕ್ಕದಲ್ಲೇ ತುಂಗಾ ಡ್ಯಾಂ ಇದೆ. ಅದರಲ್ಲಿ ಹಿಡಿಸುವ ನೀರು 3.24 ಟಿಎಂಸಿ ಮಾತ್ರ. ಅದಕ್ಕೇ ಮಳೆಗಾಲದಲ್ಲಿ ಬೇಗ ತುಂಬಿಬಿಡುತ್ತದೆ. ಹಿನ್ನೀರು ಹತ್ತಿರ ಇರುವುದರಿಂದ ನಮಗೆ ಗಾಳ ಹೊಸದಲ್ಲ. ಎಲ್ಲರೂ ಎರೆಹುಳು ಸಿಕ್ಕಿಸಿ ಹಾಕುತ್ತಾರೆ. ಆದರೆ ಬೇಸಿಗೆ ರಜೆಯಲ್ಲಿ ನೆಲ ಒಣಗಿ ಎರೆಹುಳು ಆಳಕ್ಕೆ ಹೋಗಿಬಿಡುತ್ತದೆ. ನಾನೂ ನನ್ನ ತಮ್ಮನೂ ಬಚ್ಚಲು ನೀರು ಹರಿಯುವ ಜಾಗವನ್ನೆಲ್ಲಾ ಅಗೆದು ಅಮ್ಮನ ಹತ್ತಿರ ಬೈಸಿಕೊಂಡೆವು. ಆಗ ನಮ್ಮ ಮಾವ, "ಹುಳ ಯಾಕೆ ಬೇಕು ಮಾರಾಯ್ತಿ? ಮೇಕೆ ಕೂದಲು ಸಾಕು" ಅಂದರು. ನಾನು ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ, ನಿಜ.

ಇದು ಏನು?

ಕೊಕ್ಕೆಯ ತಲೆ ಹತ್ತಿರ ಸ್ವಲ್ಪ ಭಾರ ಇರುತ್ತದೆ. ಅದರ ಹಿಂದೆ ಒಂದು ಚಿಕ್ಕ ಕೂದಲ ಕುಚ್ಚು. ಅಷ್ಟೇ. ಪರದೇಶದವರು ಇದಕ್ಕೆ ಹೇರ್ ಜಿಗ್ ಅನ್ನುತ್ತಾರೆ. ಒಣಗಿದಾಗ ನೋಡಿದರೆ ಹಳೇ ಬ್ರಷ್ಷಿನ ಥರ ಕಾಣುತ್ತೆ. ನೀರಿಗೆ ಬಿಟ್ಟರೆ ಕೂದಲುಗಳು ಒಂದಕ್ಕೊಂದು ಅಂಟಿ ಸಣ್ಣ ಮೀನಿನ ಮೈ ಥರ ಆಗುತ್ತದೆ. ದಾರ ಮೇಲೆ ಎಳೆದಾಗ ಕುಚ್ಚು ಮುಚ್ಚಿಕೊಳ್ಳುತ್ತದೆ, ಬಿಟ್ಟಾಗ ಅರಳುತ್ತದೆ. ಜೀವ ಇದೆ ಅಂತ ತಿಳಿದು ದೊಡ್ಡ ಮೀನು ಬಾಯಿ ಹಾಕುತ್ತದೆ.

ಇದು ಹಳೇ ವಿದ್ಯೆ. ಸುಮಾರು 1800 ವರ್ಷದ ಹಿಂದೆ ಏಲಿಯನ್ ಎಂಬ ರೋಮನ್ ಲೇಖಕ, ಮ್ಯಾಸಿಡೋನಿಯಾ ದೇಶದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಪುಕ್ಕ ಕಟ್ಟಿ ಮೀನು ಹಿಡಿಯುತ್ತಿದ್ದರು ಎಂದು ಬರೆದಿದ್ದಾನೆ. ನಮ್ಮ ನಾಡಿನಲ್ಲೂ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ರಾಜರ ವಿನೋದಗಳ ಜೊತೆಗೆ ಗಾಳದಿಂದ ಮೀನು ಹಿಡಿಯುವ ವಿಷಯವೂ ಇದೆ. ಆದ್ದರಿಂದ ಗಾಳ ಹಾಕುವವರು ಪೋಲಿಗಳು ಎಂದು ಯಾರೂ ತಿಳಿಯಬಾರದು.

ಬೇಕಾಗುವ ಸಾಮಾನುಗಳು

1. ಉದ್ದ ಕಾಲಿನ ಕೊಕ್ಕೆ. ಕಾಲು ಸುಮಾರು ಎರಡೂವರೆ ಸೆಂ.ಮೀ. ಇರಲಿ.
2. ಒಂದು ಮಿ.ಮೀ. ದಪ್ಪದ ತಾಮ್ರದ ತಂತಿ, 15 ಸೆಂ.ಮೀ. ಸುಟ್ಟುಹೋದ ಪಂಪ್‌ಸೆಟ್ ಮೋಟರಿನ ತಂತಿ ಆಗುತ್ತದೆ. ಇಷ್ಟು ತಂತಿ ಸುಮಾರು 1 ಗ್ರಾಂ ತೂಗುತ್ತದೆ.
3. ಮೇಕೆ ಬಾಲದ ಕೂದಲು ಅಥವಾ ಎತ್ತಿನ ಬಾಲದ ತುದಿ ಕೂದಲು.
4. ಬಟ್ಟೆ ಹೊಲಿಯುವ ಗಟ್ಟಿ ದಾರ, ಮೇಣದ ಬತ್ತಿ ಚೂರು.
5. ಇಕ್ಕಳ, ರಬ್ಬರ್ ಬ್ಯಾಂಡ್, ಕತ್ತರಿ.
6. ಉಗುರಿಗೆ ಹಚ್ಚುವ ನೇಲ್ ಪಾಲಿಶ್. ಅಕ್ಕಂದಿರನ್ನು ಕೇಳಿ ತಗೊಳ್ಳಿ.

ಕಟ್ಟುವ ವಿಧಾನ

ಹೂ ಕಟ್ಟಲು ಬರುವವರಿಗೆ ಇದು ಸುಲಭ. ಮಾವನಿಗಿಂತ ನಾನೇ ಬೇಗ ಕಟ್ಟುತ್ತೇನೆ. ಚಿತ್ರ ಬರೆಯಲು ಜಾಗ ಸಾಲಲಿಲ್ಲ, ಆದ್ದರಿಂದ ನಿಧಾನವಾಗಿ ಓದಿ.

ಮೊದಲು ಕೊಕ್ಕೆಯ ಬಾಗಿದ ಭಾಗವನ್ನು ಇಕ್ಕಳದಲ್ಲಿ ಕಚ್ಚಿಸಿ, ಇಕ್ಕಳದ ಹಿಡಿಗೆ ರಬ್ಬರ್ ಬ್ಯಾಂಡ್ ಸುತ್ತಿ. ಚೂಪಾದ ಮುಳ್ಳು ಇಕ್ಕಳದ ಬಾಯೊಳಗೇ ಇರಬೇಕು. ಆಗ ಬೆರಳಿಗೆ ಚುಚ್ಚುವುದಿಲ್ಲ. ಇಕ್ಕಳವನ್ನು ಎರಡು ಮಂಡಿಗಳ ಮಧ್ಯೆ ಹಿಡಿದುಕೊಂಡರೆ ಎರಡೂ ಕೈ ಖಾಲಿ ಇರುತ್ತದೆ.

ಎರಡನೆಯದಾಗಿ, ದಾರ ಕಟ್ಟುವ ತೂತಿನ ಹತ್ತಿರದಿಂದ ಶುರು ಮಾಡಿ ತಂತಿಯನ್ನು ಒತ್ತಾಗಿ 12 ಸುತ್ತು ಸುತ್ತಿ. ಉಳಿದ ತಂತಿಯನ್ನು ಅದರ ಮೇಲೇ ವಾಪಸ್ಸು ಸುತ್ತಿ. ಇದೇ ಭಾರ.

ಮೂರನೆಯದಾಗಿ, ದಾರಕ್ಕೆ ಮೇಣ ಉಜ್ಜಿ. ತಂತಿ ಮುಗಿದ ಜಾಗದ ಹಿಂದೆ ಬರೀ ಕೊಕ್ಕೆ ಮೇಲೆ 15 ಸುತ್ತು ಬಿಗಿಯಾಗಿ ಸುತ್ತಿ. ಇದನ್ನು ಬಿಟ್ಟರೆ ಕೂದಲು ಕಬ್ಬಿಣದ ಮೇಲೆ ಜಾರುತ್ತದೆ. ನಾನು ಕಟ್ಟಿದ ಮೊದಲನೇ ಗಾಳ ನೀರಿಗೆ ಬಿಟ್ಟ ಕೂಡಲೇ ಬೋಳಾಗಿ ವಾಪಸ್ಸು ಬಂತು, ಕಾರಣ ಇದೇ.

ನಾಲ್ಕನೆಯದು ಕೂದಲು. ಬೆಂಕಿಕಡ್ಡಿಗಿಂತ ಸಣ್ಣ ಕುಚ್ಚು ಕತ್ತರಿಸಿ. ಬುಡದಲ್ಲಿ ಹತ್ತಿಯ ಥರ ಮೆತ್ತನೆ ತುಪ್ಪಳ ಇರುತ್ತದೆ, ಅದನ್ನು ಹಳೇ ಬಾಚಣಿಗೆಯಿಂದ ಬಾಚಿ ತೆಗೆಯಿರಿ. ಪೆನ್ನಿನ ಕ್ಯಾಪಿನೊಳಗೆ ತುದಿ ಕೆಳಗೆ ಮಾಡಿ ಹಾಕಿ ಮೆಲ್ಲಗೆ ಕುಟ್ಟಿದರೆ ತುದಿಗಳೆಲ್ಲಾ ಸಮ ಆಗುತ್ತವೆ.

ಐದನೆಯದಾಗಿ, ಕೂದಲಿನ ಬುಡ ತಂತಿಗೆ ತಾಗುವ ಹಾಗೆ, ತುದಿ ಮುಳ್ಳಿನ ಕಡೆ ಇರುವ ಹಾಗೆ ಇಡಿ. ಎರಡು ಸುತ್ತು ಸಡಿಲವಾಗಿ ಹಾಕಿ, ಆಮೇಲೆ ಎಳೆಯಿರಿ. ಮೊದಲೇ ಬಿಗಿ ಎಳೆದರೆ ಕೂದಲು ಒಂದೇ ಕಡೆ ತಿರುಗಿಬಿಡುತ್ತದೆ. ಹೂವಿನ ತೊಟ್ಟು ಮುರಿಯದ ಹಾಗೆ ಕಟ್ಟುತ್ತೇವಲ್ಲ, ಹಾಗೇ. ಇದೇ ರೀತಿ ಸುತ್ತಲೂ ಮೂರು ಕುಚ್ಚು ಇಟ್ಟು, ಮೇಲೆ 20 ಸುತ್ತು ಬಿಗಿಯಾಗಿ ಸುತ್ತಿ.

ಕೊನೆಗೆ, ಮಾಲೆ ಕಟ್ಟುವಾಗ ಬೆರಳಿಗೆ ದಾರ ಸುತ್ತಿ ಕುಣಿಕೆ ಹಾಕುತ್ತೇವಲ್ಲ, ಅದೇ ಕುಣಿಕೆಯನ್ನು ಕೊಕ್ಕೆಯ ತಲೆ ಕಡೆಯಿಂದ ತೂರಿಸಿ ಎಳೆಯಿರಿ. ನಾಲ್ಕು ಸಲ ಹಾಕಿ. ದಾರದ ಮೇಲೆ ನೇಲ್ ಪಾಲಿಶ್ ಹಚ್ಚಿ ಒಂದು ರಾತ್ರಿ ಒಣಗಲು ಬಿಡಿ.

ಕೂದಲು ಜಾಸ್ತಿ ಇದ್ದರೆ ಚೆಂದ ಅಂತ ನಾನು ಎರಡನೇ ಗಾಳಕ್ಕೆ ದಪ್ಪ ಕುಚ್ಚು ಕಟ್ಟಿದೆ. ಅದು ಬೇಗ ಮುಳುಗಲೂ ಇಲ್ಲ, ಅಲ್ಲಾಡಲೂ ಇಲ್ಲ. ತೆಳ್ಳಗೆ ಕಟ್ಟಿದ ಮೂರನೆಯದೇ ಸರಿಯಾಯಿತು.

ಹಾಕುವ ಕ್ರಮ

ವಾಟೆ ಕೋಲಿಗೆ ತಂಗೂಸಿ ದಾರ ಕಟ್ಟಿ, ಹಿನ್ನೀರಿನ ಅಂಚಿನಲ್ಲಿ ಹುಲ್ಲು ಇರುವ ಕಡೆ ಇಳಿಬಿಡಿ. ತಳ ಮುಟ್ಟಿದ ಮೇಲೆ ಒಂದು ಗೇಣು ಎತ್ತಿ, ಮತ್ತೆ ಬಿಡಿ. ಎತ್ತುವಾಗ ಮೀನು ಹಿಡಿಯುವುದು ಕಡಿಮೆ, ಬೀಳುವಾಗಲೇ ಜಾಸ್ತಿ. ಆದ್ದರಿಂದ ದಾರದ ಮೇಲೆ ಕಣ್ಣಿರಲಿ. ಡ್ಯಾಮಿನ ಗೇಟಿನ ಕೆಳಗೆ ಮಾತ್ರ ಯಾವತ್ತೂ ಇಳಿಯಬೇಡಿ. ದೊಡ್ಡವರು ಜೊತೆಗಿಲ್ಲದೆ ನೀರಿನ ಹತ್ತಿರ ಹೋಗಬೇಡಿ.

ಮೂರು ಎಚ್ಚರಿಕೆ

ಒಂದು, ಸೀಸ. ಅಂಗಡಿಯ ಗಾಳಕ್ಕೆ ಸೀಸದ ಗುಂಡು ಹಾಕುತ್ತಾರೆ. ನನ್ನ ತಮ್ಮ ಅದನ್ನು ಹಲ್ಲಿನಲ್ಲಿ ಕಚ್ಚಿ ಒತ್ತುತ್ತಿದ್ದ. ನಮ್ಮಲ್ಲಿ ಎಷ್ಟೋ ಜನ ಹಾಗೇ ಮಾಡುತ್ತಾರೆ. ಸೀಸ ವಿಷ. ಮಕ್ಕಳ ಮಿದುಳಿಗೆ ಸ್ವಲ್ಪ ಹೋದರೂ ಕೆಟ್ಟದ್ದು. ಹಂಸಗಳು ಸೀಸದ ಗುಂಡು ನುಂಗಿ ಸಾಯುತ್ತವೆ ಎಂದು ಇಂಗ್ಲೆಂಡಿನಲ್ಲಿ 1987ರಲ್ಲೇ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿದರು. ಅದಕ್ಕೇ ನಾನು ತಾಮ್ರದ ತಂತಿ ಹೇಳಿದ್ದು. ಅಡಿಗೆ ಪಾತ್ರೆಯಲ್ಲಿ ಸೀಸ ಕಾಯಿಸುವುದಂತೂ ಬೇಡವೇ ಬೇಡ.

ಎರಡು, ಕೂದಲು. ಅಮೆರಿಕದಲ್ಲಿ ಜಿಂಕೆ ಬಾಲದ ಕೂದಲು ಕಟ್ಟುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಜಿಂಕೆ, ಕಡವೆ ಯಾವುದರ ಕೂದಲನ್ನೂ ಮುಟ್ಟುವ ಹಾಗಿಲ್ಲ. ಕೊಟ್ಟಿಗೆಯಲ್ಲಿ ಸಿಗುವುದೇ ಸಾಕು.

ಮೂರನೆಯದನ್ನು ಹೇಳಲು ನನಗೆ ಕಷ್ಟ, ಆದರೂ ಹೇಳುತ್ತೇನೆ. ಜೂನಿನಲ್ಲಿ ಎರಡು ಮಳೆ ಬಿದ್ದ ಮೇಲೆ ಒಂದು ಭಾನುವಾರ ಮಾವನ ಜೊತೆ ಹೋಗಿದ್ದೆ. ಹುಲ್ಲಿನ ಪಕ್ಕ ನೀರಿನ ಮೇಲೆ ಕೆಂಪಗೆ ಒಂದು ಮೊರದಷ್ಟು ಜಾಗ ಪುಳಪುಳ ಅನ್ನುತ್ತಿತ್ತು. ಏನೋ ಹುಳ ಇರಬೇಕು ಅಂತ ಅಲ್ಲೇ ಕುಚ್ಚು ಬಿಟ್ಟೆ. ಬಿಟ್ಟ ಕೂಡಲೇ ಕೋಲು ಬಗ್ಗಿತು. ಹಾವಿನ ಥರದ ತಲೆಯ ದೊಡ್ಡ ಕುಚ್ಚು ಮೀನು! ಮನೆಯಲ್ಲಿ ಎಲ್ಲರೂ ಹೊಗಳಿದರು. ಸಾರೂ ಆಯಿತು.

ಮಾರನೇ ದಿನ ಸಂಜೆ ಹೋಗಿ ನೋಡಿದರೆ ಆ ಕೆಂಪು ಚದುರಿಹೋಗಿತ್ತು. ಮಿಂಚುಳ್ಳಿ ಬಂದು ಬಂದು ಒಂದೊಂದೇ ಎತ್ತಿಕೊಂಡು ಹೋಗುತ್ತಿತ್ತು. ಕೆಳಗಿಂದ ಬೇರೆ ಮೀನುಗಳೂ ತಿನ್ನುತ್ತಿದ್ದವು. ಆಮೇಲೆ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅದು ಕುಚ್ಚು ಮೀನಿನ ಮರಿಗಳ ಗುಂಪು, ತಾಯಿ ತಂದೆ ಕೆಳಗೆ ನಿಂತು ಕಾಯುತ್ತವೆ, ಹತ್ತಿರ ಏನು ಬಂದರೂ ಕಚ್ಚುತ್ತವೆ ಅಂದರು. ಅಂದರೆ ಆ ಮೀನು ಹಸಿವಿಗೆ ನನ್ನ ಕುಚ್ಚು ಕಚ್ಚಿದ್ದಲ್ಲ. ಮರಿ ಕಾಯಲು ಕಚ್ಚಿದ್ದು.

ಅವತ್ತಿಂದ ನೀರಿನ ಮೇಲೆ ಕೆಂಪು ಕಂಡರೆ ನಾನು ಗಾಳ ಸುತ್ತಿಕೊಂಡು ಬೇರೆ ಕಡೆ ಹೋಗುತ್ತೇನೆ. ಶೃಂಗೇರಿ ಮಠದ ಹತ್ತಿರ, ತೀರ್ಥಹಳ್ಳಿ ಕಡೆಯ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಇದೇ ತುಂಗೆಯ ಮೀನನ್ನು ಯಾರೂ ಹಿಡಿಯುವುದಿಲ್ಲ. ನಾವು ಹಿಡಿಯುವವರು ಮರಿ ಇರುವ ಮೀನನ್ನಾದರೂ ಬಿಡಬಹುದಲ್ಲವೇ? ನಾನು ಕಟ್ಟುವುದನ್ನು ಮಾತ್ರ ಹೇಳಿಕೊಟ್ಟು ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ ಅಂತ ಬರೆದೆ.

ಹೇಳಿ ನೋಡೋಣ

1. ಕೂದಲು ಇಡುವ ಮುಂಚೆ ಬರೀ ದಾರ ಸುತ್ತುವುದು ಯಾಕೆ?
2. ಸೀಸದ ಬದಲು ಏನು ಬಳಸಬಹುದು?
3. ನೀರಿನ ಮೇಲೆ ಕೆಂಪಗೆ ಪುಳಪುಳ ಅಂದರೆ ಏನು ಮಾಡಬೇಕು?

ಕಟ್ಟಲು ಕಲಿಯಬೇಕು ಅನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ಜಗಲಿ ಹತ್ತಿರ ಬನ್ನಿ. ಇಕ್ಕಳ ನಾನು ತರುತ್ತೇನೆ. ಮೇಕೆ ಕೂದಲು ನೀವೇ ತನ್ನಿ.

– 7ನೇ ತರಗತಿಯ ಒಬ್ಬ ವಿದ್ಯಾರ್ಥಿನಿ