ಕುಡಿಯದವನ ಲಿವರ್

ದಾಮರಗಿದ್ದ

ತಮ್ಮಾ,

ನಿನ್ನ ಕಾಕಾ ಸೇಂದಿ ಮುಟ್ಟಿದವನಲ್ಲ. ಆದರೂ ಅವನ ಲಿವರ್ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಕಟ್ಟೆಯ ಮೇಲೆ ಕೂತವರು ‘ಕದ್ದು ಕುಡೀತಿದ್ದ ಬಿಡು’ ಅಂದರು. ರೋಗಕ್ಕಿಂತ ಆ ಮಾತೇ ಅವನನ್ನು ಹೆಚ್ಚು ಕುಗ್ಗಿಸಿತು. ಹಾಗಾಗಿ ಲಿವರ್ ರೋಗದ ಬಗ್ಗೆ ನೀನು ಬರೆದ ಜೀನ್ ವಿಚಾರವನ್ನು ಮನಸ್ಸಿಟ್ಟು ಓದಿದೆ.

2008ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಹೆಲೆನ್ ಹಾಬ್ಸ್, ಜೊನಾಥನ್ ಕೋಹೆನ್ ಅವರ ತಂಡ ಪಿಎನ್‌ಪಿಎಲ್‌ಎ3 ಜೀನಿನ ಒಂದು ರೂಪಕ್ಕೂ ಲಿವರಿನ ಕೊಬ್ಬಿಗೂ ನಂಟಿದೆ ಎಂದು ತೋರಿಸಿತು. ಪ್ರೋಟೀನಿನ 148ನೇ ಜಾಗದಲ್ಲಿ ಐಸೊಲ್ಯೂಸಿನ್ ಬದಲು ಮೆಥಿಯೊನಿನ್, ಅಷ್ಟೇ ವ್ಯತ್ಯಾಸ. ನನಗೆ ಬೆರಗಾದದ್ದು ಮುಂದಿನ ಸಂಗತಿ. ಜರ್ಮನಿಯ ಕುಪ್ಫರ್ 1876ರಲ್ಲೇ ಕಂಡಿದ್ದ ನಕ್ಷತ್ರದಾಕಾರದ ಕೋಶಗಳು ಲಿವರಿನಲ್ಲಿವೆಯಲ್ಲ, ಎ ವಿಟಮಿನ್ನನ್ನು ಸಣ್ಣ ಕೊಬ್ಬಿನ ಹನಿಗಳಲ್ಲಿ ಕೂಡಿಟ್ಟುಕೊಂಡು ತಮ್ಮ ಪಾಡಿಗೆ ಇರುವುದು ಅವುಗಳ ಸ್ವಭಾವ. ಲಿವರಿಗೆ ಪೆಟ್ಟು ಬಿದ್ದರೆ ಹನಿ ಕಳೆದುಕೊಂಡು, ರೂಪ ಬದಲಿಸಿ, ಕೊಲಾಜೆನ್ ನಾರು ಹೊರಹಾಕುತ್ತವೆ. ಗಾಯ ಮಾಯಲೆಂದೇ ಈ ಕೆಲಸ. ನಾರಾಯಣಪೇಟೆಯ ಮಗ್ಗ ಸೀರೆ ಮುಗಿದರೆ ನಿಲ್ಲುತ್ತದೆ. ಆದರೆ ಪೆಟ್ಟು ಬೀಳುತ್ತಲೇ ಇದ್ದರೆ ಈ ನೇಯ್ಗೆ ನಿಲ್ಲುವುದಿಲ್ಲ, ಲಿವರನ್ನೇ ಬಿಗಿಯುತ್ತದೆ. ಪಿಎನ್‌ಪಿಎಲ್‌ಎ3 ಜೀನ್ ಈ ಕೋಶಗಳೊಳಗೂ ಕೆಲಸ ಮಾಡುತ್ತದೆ, ಬದಲಾದ ರೂಪವಿದ್ದಲ್ಲಿ ಉರಿಯೂತವೂ ನಾರು ಹಾಕುವ ಒಲವೂ ಹೆಚ್ಚು ಎಂದು 2017ರಲ್ಲಿ ವಿಯೆನ್ನಾದ ಸಂಶೋಧಕರು ಕಂಡರು.

ಕಾಕಾನಲ್ಲಿ ಆ ರೂಪ ಇದೆಯೋ ಇಲ್ಲವೋ ಯಾರೂ ಪರೀಕ್ಷಿಸಿಲ್ಲ. ಲಿವರಿಗೆ ಪೆಟ್ಟು ಕೊಡುವ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಅಂತೂ ಇವೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಬರುವ ಜೀನಿಗೆ ಯಾರನ್ನು ಬಯ್ಯುವುದು, ಹೇಳು? ನೀನೂ ‘ನನಗೂ ಬಂದೀತೆ’ ಎಂದು ಅಂಜಬೇಡ. ಲಿವರನ್ನು ಕಾಯುವ ಜೀನ್ ರೂಪವೂ ಇದೆ. ಎಚ್‌ಎಸ್‌ಡಿ17ಬಿ13 ಎಂಬ ಜೀನಿನ ಅಂಥ ರೂಪ 2018ರಲ್ಲಿ ಬೆಳಕಿಗೆ ಬಂತು. ಪೆಟ್ಟು ನಿಂತರೆ ನಾರು ಹಾಕುವ ಕೋಶಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಮತ್ತೆ ತಣ್ಣಗಾಗುತ್ತವೆ ಎಂದು ಇಲಿಗಳಲ್ಲಿ ನೋಡಿದ್ದಾರೆ. ಮನುಷ್ಯರಲ್ಲೂ, ತೂಕವನ್ನು ಶೇ. 10ರಷ್ಟು ಇಳಿಸಿದ ಹಲವರಲ್ಲಿ ನಾರು ಕಡಿಮೆಯಾಗಿದೆ. ನನಗೆ ಧೈರ್ಯ ಬಂದದ್ದು ಇದರಿಂದಲೇ.

ಮುಂದಿನ ವಾರ ಕಾಕಾ ಹೈದರಾಬಾದಿಗೆ ಬರುತ್ತಾನೆ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸು. ರಿಪೋರ್ಟು ಕೈಗೆ ಕೊಟ್ಟು ಸುಮ್ಮನಾಗಬೇಡ. ಪಕ್ಕದಲ್ಲಿ ಕೂತು, ನನಗೆ ಬರೆದದ್ದನ್ನೆಲ್ಲ ಅವನಿಗೂ ಬಿಡಿಸಿ ಹೇಳು.

ನಿನ್ನ ಮುತ್ಯಾ