ಜೇಬಿನ ರೆಕಾರ್ಡರ್‌ನಲ್ಲಿ ನಾಲ್ಕು ಖಾತೆಗಳು



ಎರಡು ವರ್ಷಗಳ ಹಿಂದೆ ನಮ್ಮ ಖಾಲಾರ ದೊಡ್ಡ ಮಗಳ ಮದುವೆ ನಡೆಯಿತು. ಹಲ್ದಿಯ ರಾತ್ರಿ ನಮ್ಮ ನಾನಿ ಮತ್ತು ಅವರ ಅಕ್ಕ, ಅಂದರೆ ನಮ್ಮ ಬಡಿ ನಾನಿ, ಇಬ್ಬರೂ ಸೇರಿ ಢೋಲಕ್ ಹಾಡುಗಳನ್ನು ಹಾಡಿದರು. ಇವು ನಮ್ಮ ಮನೆಯಲ್ಲಿ ಆಡುವ ದಖ್ಖನಿ ಉರ್ದುವಿನ ಹಾಡುಗಳು. ಹಲ್ದಿ ಹಚ್ಚುವಾಗ ಒಂದು, ವರನ ಕಡೆಯವರನ್ನು ಗೇಲಿ ಮಾಡಲು ಒಂದು, ಮಗಳನ್ನು ಕಳಿಸಿಕೊಡುವಾಗ ಇನ್ನೊಂದು. ನಾನಿಗೆ ಓದು ಬರಹ ಬರುವುದಿಲ್ಲ. ಹಾಡುಗಳೆಲ್ಲ ಅವರ ನೆನಪಿನಲ್ಲಿಯೇ ಇವೆ. ಅಂದು ನಾನು ಅಮ್ಮಿಯ ಮೊಬೈಲನ್ನು ಢೋಲಕ್ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿದೆ.

ಮರುದಿನ ಹಾಕಿ ಕೇಳಿದರೆ ಢೋಲಕ್ ಮಾತ್ರ ಕೇಳಿಸಿತು. ಎಲ್ಲೋ ದೂರದಲ್ಲಿ ಇಬ್ಬರ ದನಿ ಇದೆ, ಆದರೆ ಪದಗಳು ತಿಳಿಯುವುದಿಲ್ಲ. ಆಗ ಅದು ದೊಡ್ಡ ವಿಷಯ ಅನಿಸಲಿಲ್ಲ. ಕಳೆದ ವರ್ಷ ಬಡಿ ನಾನಿ ತೀರಿಕೊಂಡರು. ಈಗ ಅವರ ಹಾಡು ನಮ್ಮಲ್ಲಿ ಉಳಿದಿರುವುದು ಆ ಒಂದು ಫೈಲಿನಲ್ಲಿ, ಢೋಲಕ್‌ನ ಸದ್ದಿನ ಕೆಳಗೆ.

ನಮ್ಮ ಮಾಮು ಮೈಕ್ ಸೆಟ್ ಅಂಗಡಿ ನಡೆಸುತ್ತಾರೆ. ಢೋಲಕ್ ಕಡಿಮೆ ಮಾಡಿ ದನಿ ಮಾತ್ರ ಹೆಚ್ಚು ಮಾಡಿಕೊಡಿ ಎಂದು ಅವರನ್ನು ಕೇಳಿದೆ. "ಸಾರಿಗೆ ಉಪ್ಪು ಹಾಕಿ ಕುದಿಸಿದ ಮೇಲೆ ಉಪ್ಪನ್ನು ಆರಿಸಿ ತೆಗೆಯೋಕಾಗುತ್ತಾ ಬೇಟಾ?" ಅಂದರು. ದನಿ ಬೇರ್ಪಡಿಸುವ ಆ್ಯಪ್ ಒಂದನ್ನೂ ಪ್ರಯತ್ನಿಸಿದೆವು. ಮೂಲ ಫೈಲಿನಲ್ಲೇ ಸದ್ದು ಒಡೆದುಹೋಗಿದ್ದರಿಂದ ದನಿ ನೀರಿನೊಳಗಿಂದ ಬಂದಂತೆ ಇತ್ತು.

ಈ ವರ್ಷ ಎರಡನೇ ಅಕ್ಕನ ಮದುವೆ ಬಂತು. ಮಾಮು ಬಳಿ ನಾಲ್ಕು ಟ್ರ್ಯಾಕಿನ ಸಣ್ಣ ರೆಕಾರ್ಡರ್ ಇದೆ. ಆದರೆ ಹಲ್ದಿಯ ರಾತ್ರಿ ಹಾಡು ನಡೆಯುವುದು ಹೆಂಗಸರ ಕೋಣೆಯಲ್ಲಿ. ಅಲ್ಲಿಗೆ ಮಾಮು ಬರುವಂತಿಲ್ಲ. ಆದ್ದರಿಂದ ನಾನೇ ಕಲಿಯಬೇಕಾಯಿತು. ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಚಾನೆಲ್ ಎಂದರೇನು?

ನಾನು ಕಾಮರ್ಸ್ ವಿದ್ಯಾರ್ಥಿನಿ. ನನಗೆ ಅರ್ಥವಾದದ್ದು ಲೆಡ್ಜರ್ ಮೂಲಕ. ಬಾಡಿಗೆ, ಸಂಬಳ, ಮಾರಾಟ, ಖರೀದಿ ಎಲ್ಲವನ್ನೂ ಕೂಡಿ ಒಂದೇ ಮೊತ್ತ ಬರೆದಿಟ್ಟರೆ ವರ್ಷದ ಕೊನೆಗೆ ಯಾವುದು ಎಷ್ಟು ಎಂದು ಹೇಳಲು ಸಾಧ್ಯವೇ? ಒಂದೊಂದಕ್ಕೂ ಪ್ರತ್ಯೇಕ ಖಾತೆ ಬೇಕು. ಚಾನೆಲ್ ಕೂಡ ಹಾಗೆಯೇ. ಮೊಬೈಲ್ ಎಲ್ಲ ಸದ್ದನ್ನೂ ಕೂಡಿಸಿ ಬರೆಯಿತು. ನಾಲ್ಕು ಚಾನೆಲ್ ಇದ್ದರೆ ನಾನಿಯ ದನಿ ಒಂದು ಖಾತೆಗೆ, ಢೋಲಕ್ ಒಂದು ಖಾತೆಗೆ, ಉಳಿದ ಹೆಂಗಸರ ಕೋರಸ್ ಮತ್ತು ಚಪ್ಪಾಳೆ ಎಡ ಬಲ ಎರಡು ಖಾತೆಗಳಿಗೆ ಹೋಗುತ್ತದೆ. ಯಾವುದು ಎಷ್ಟು ಕೇಳಬೇಕು ಎಂಬುದನ್ನು ಆಮೇಲೆ ನಿಧಾನವಾಗಿ ಕುಳಿತು ತೀರ್ಮಾನಿಸಬಹುದು.

ಯಂತ್ರದ ಪರಿಚಯ

ಜೂಮ್ ಕಂಪನಿಯ ಎಚ್4ಎನ್ ಪ್ರೊ, ಟಾಸ್ಕಾಮ್ ಕಂಪನಿಯ ಡಿಆರ್-40 ಈ ಜಾತಿಯ ಯಂತ್ರಗಳು. ಜುಬ್ಬಾದ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕವು, ಪೆನ್ಸಿಲ್ ಸೆಲ್‌ಗಳಿಂದ ನಡೆಯುತ್ತವೆ. ತಲೆಯ ಮೇಲೆ ಎರಡು ಮೈಕುಗಳಿರುತ್ತವೆ. ಬುಡದಲ್ಲಿ ಹೊರಗಿನ ಮೈಕಿನ ಕೇಬಲ್ ಹಾಕಲು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್ ಎರಡಿರುತ್ತವೆ. ಎರಡು ಮತ್ತು ಎರಡು, ಒಟ್ಟು ನಾಲ್ಕು. ಜೂಮ್‌ನ ಎಚ್6ರಲ್ಲಿ ಸಾಕೆಟ್‌ಗಳೇ ನಾಲ್ಕು, ಒಟ್ಟು ಆರು ಟ್ರ್ಯಾಕ್.

ಹೊರಗಿನ ಮೈಕಿಗೆ ಮಾಮು ಅಂಗಡಿಯ ಸಾಮಾನ್ಯ ಡೈನಾಮಿಕ್ ಮೈಕ್ ಎರಡು ತಂದೆ. ಇದಕ್ಕೆ ವಿದ್ಯುತ್ ಬೇಡ. ಕಂಡೆನ್ಸರ್ ಮೈಕಿಗೆ ಮಾತ್ರ ರೆಕಾರ್ಡರ್‌ನಿಂದ 48 ವೋಲ್ಟ್ ಕೊಡಬೇಕು. ಇದಕ್ಕೆ ಫ್ಯಾಂಟಮ್ ಪವರ್ ಎನ್ನುತ್ತಾರೆ. ಬೇಡದಿದ್ದಾಗ ಅದನ್ನು ಆಫ್ ಮಾಡಿಟ್ಟರೆ ಸೆಲ್ ಉಳಿಯುತ್ತದೆ.

ಕೋಣೆ ಮತ್ತು ಮೈಕಿನ ಜಾಗ

ಮದುವೆಗೆ ಒಂದು ವಾರ ಮೊದಲು ಅದೇ ಕೋಣೆಯಲ್ಲಿ ರಿಹರ್ಸಲ್ ಮಾಡಿದೆ. ಹೆಡ್‌ಫೋನ್ ಹಾಕಿಕೊಂಡ ಮೇಲೆಯೇ ನನಗೆ ಗೊತ್ತಾಗಿದ್ದು, ನಮ್ಮ ಫ್ಯಾನ್ ಎಷ್ಟು ಸದ್ದು ಮಾಡುತ್ತದೆ ಎಂದು. ನಮ್ಮ ಕಿವಿ ಅದನ್ನು ಮರೆತುಬಿಡುತ್ತದೆ, ಮೈಕ್ ಮರೆಯುವುದಿಲ್ಲ. ಫ್ಯಾನ್ ನಿಲ್ಲಿಸಿದೆ. ಬರಿಗೋಡೆಯ ಪ್ರತಿಧ್ವನಿ ಕಡಿಮೆಯಾಗಲು ಎರಡು ಕಡೆ ರಜಾಯಿ ತೂಗುಹಾಕಿದೆ. ರೆಕಾರ್ಡರನ್ನು ನೆಲದ ಮೇಲೆ ಇಡಬಾರದು. ಢೋಲಕ್‌ನ ಪೆಟ್ಟು ನೆಲದ ಮೂಲಕವೂ ಬರುತ್ತದೆ. ಸ್ಟ್ಯಾಂಡಿನ ಕಾಲ ಕೆಳಗೆ ಮಡಿಸಿದ ಬಟ್ಟೆ ಇಟ್ಟೆ.

ಮೈಕಿನ ವಿಷಯದಲ್ಲಿ ಮೂರು ಮಾತು ನೆನಪಿಡಿ.

1. ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಮ್ಮ ರೆಕಾರ್ಡರ್‌ನಲ್ಲಿ ಎರಡೂ ಸಾಕೆಟ್‌ಗಳಿಗೆ ಲೆವೆಲ್ ಗುಂಡಿ ಒಂದೇ. ಢೋಲಕ್ ಜೋರು, ನಾನಿಯ ದನಿ ಮೆಲ್ಲಗೆ. ಆದ್ದರಿಂದ ನಾನಿಯ ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲೇ ಇಟ್ಟು, ಢೋಲಕ್ ಮೈಕನ್ನು ಗೇಣಿನಿಂದ ಮೊಳಕ್ಕೆ ಸರಿಸಿದೆ. ಪರದೆಯಲ್ಲಿ ಢೋಲಕ್ ಮೈನಸ್ 4ರಿಂದ ಮೈನಸ್ 10ಕ್ಕೆ ಇಳಿಯಿತು.

2. ಮೈಕ್ ಮತ್ತು ಹಾಡುವವರ ನಡುವೆ ಎಷ್ಟು ದೂರವಿದೆಯೋ, ಎರಡು ಮೈಕುಗಳ ನಡುವೆ ಅದರ ಕನಿಷ್ಠ ಮೂರು ಪಟ್ಟು ದೂರವಿರಬೇಕು. ಇಲ್ಲದಿದ್ದರೆ ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ನುಗ್ಗಿ ಖಾತೆಗಳು ಬೆರೆಯುತ್ತವೆ. ಢೋಲಕ್ ಮೈಕ್ ಒಂದು ಮೊಳದಲ್ಲಿದ್ದುದರಿಂದ ಎರಡು ಮೈಕುಗಳ ನಡುವೆ ಮೂರು ಮೊಳಕ್ಕಿಂತ ಹೆಚ್ಚು ಜಾಗ ಬಿಟ್ಟೆ.

3. ಹಾಡಿನ ಮೈಕುಗಳಲ್ಲಿ ಬಹಳಷ್ಟು ಮುಂದಿನ ಸದ್ದನ್ನು ಚೆನ್ನಾಗಿ, ಹಿಂದಿನದನ್ನು ಕಡಿಮೆ ಹಿಡಿಯುತ್ತವೆ. ನಾನಿಯ ಮೈಕಿನ ಬೆನ್ನು ಢೋಲಕ್ ಕಡೆಗೆ ಬರುವಂತೆ ಇಟ್ಟೆ.

ಲೆವೆಲ್

ಡಿಜಿಟಲ್ ರೆಕಾರ್ಡಿಂಗ್‌ನಲ್ಲಿ ಸೊನ್ನೆ ಡೆಸಿಬೆಲ್ ಎಂದರೆ ಮನೆಯ ಛಾವಣಿ. ಅದರ ಮೇಲೆ ಏನೂ ಇಲ್ಲ. ಸದ್ದು ಅದಕ್ಕಿಂತ ಎತ್ತರ ಹೋದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಕ್ಲಿಪಿಂಗ್ ಎಂದರೆ ಇದೇ. ಲೆಡ್ಜರಿನ ತಪ್ಪಿಗೆ ತಿದ್ದುಪಡಿ ಎಂಟ್ರಿ ಇದೆ, ಕ್ಲಿಪಿಂಗ್‌ಗೆ ಅಂಥದ್ದಿಲ್ಲ. ಆದ್ದರಿಂದ ರಿಹರ್ಸಲ್‌ನಲ್ಲಿ ಅತಿ ಜೋರಿನ ಪೆಟ್ಟು ಮೈನಸ್ 12ರ ಆಸುಪಾಸಿನಲ್ಲಿ ನಿಲ್ಲುವಂತೆ ಇಡಬೇಕು. ಕಾರ್ಯಕ್ರಮದ ದಿನ ಎಲ್ಲರೂ ರಿಹರ್ಸಲ್‌ಗಿಂತ ಜೋರಾಗಿಯೇ ಹಾಡುತ್ತಾರೆ, ಜೋರಾಗಿಯೇ ಬಾರಿಸುತ್ತಾರೆ. ಹೀಗಾಗಿ ನನ್ನ ಮೈನಸ್ 10 ಕೂಡ ಮಾಮುಗೆ ಹೆಚ್ಚೆನಿಸಿತು. ಗುಂಡಿಯನ್ನು ಇನ್ನೂ ಸ್ವಲ್ಪ ತಗ್ಗಿಸಿದರು.

ಅಷ್ಟು ತಗ್ಗಿಸಿದರೆ ನಾನಿಯ ದನಿ ಹಾಳಾಗುವುದಿಲ್ಲವೇ ಎಂದು ಕೇಳಿದೆ. 24 ಬಿಟ್ ಇಟ್ಟರೆ ಭಯವಿಲ್ಲ. 16 ಬಿಟ್‌ನಲ್ಲಿ ಸದ್ದನ್ನು ಅಳೆಯಲು 65,536 ಮೆಟ್ಟಿಲುಗಳಿದ್ದರೆ 24 ಬಿಟ್‌ನಲ್ಲಿ 1,67,77,216 ಮೆಟ್ಟಿಲುಗಳಿವೆ. ರೂಪಾಯಿಗೆ ರೌಂಡ್ ಆಫ್ ಮಾಡುವುದಕ್ಕೂ ಪೈಸೆಯವರೆಗೆ ಬರೆಯುವುದಕ್ಕೂ ಇರುವ ವ್ಯತ್ಯಾಸ ಇದು. ಮೆಲ್ಲಗಿನ ದನಿಯನ್ನು ಆಮೇಲೆ ಏರಿಸಬಹುದು.

ಆಟೋ ಲೆವೆಲ್ ಅನ್ನು ಆಫ್ ಮಾಡಿ. ಅದು ಢೋಲಕ್ ಬಿದ್ದಾಗ ಎಲ್ಲವನ್ನೂ ಅದುಮುತ್ತದೆ, ಮೌನ ಬಂದಾಗ ಹಿನ್ನೆಲೆಯ ಗದ್ದಲವನ್ನು ಎತ್ತುತ್ತದೆ.

ಕಾರ್ಡ್ ಮತ್ತು ಸೆಲ್ಲಿನ ಲೆಕ್ಕ

ಮನುಷ್ಯರ ಕಿವಿಗೆ ಹೆಚ್ಚೆಂದರೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಅದನ್ನು ಹಿಡಿಯಲು ಸೆಕೆಂಡಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕು. ನಾವು 48,000 ಬಾರಿ ಅಳೆಯುವ ಸೆಟ್ಟಿಂಗ್ ಇಟ್ಟೆವು. ಪ್ರತಿ ಅಳತೆಗೆ 24 ಬಿಟ್, ಅಂದರೆ 3 ಬೈಟ್. ಚಾನೆಲ್ ನಾಲ್ಕು.

48,000 × 3 × 4 = ಸೆಕೆಂಡಿಗೆ 5,76,000 ಬೈಟ್.
5,76,000 × 3,600 = ಗಂಟೆಗೆ 207,36,00,000 ಬೈಟ್, ಅಂದರೆ ಸುಮಾರು 2.07 ಜಿಬಿ.

32 ಜಿಬಿ ಕಾರ್ಡಿನಲ್ಲಿ ಸುಮಾರು 15 ಗಂಟೆ ಹಿಡಿಸುತ್ತದೆ. ಕಾರ್ಡಿಗಿಂತ ಮೊದಲು ಮುಗಿಯುವುದು ಸೆಲ್. ಹೊಸ ಸೆಲ್ ಹಾಕಿ, ಇನ್ನೊಂದು ಜೊತೆ ಕೈಯಲ್ಲಿರಲಿ. ಫೈಲ್ ಡಬ್ಲ್ಯೂಎವಿ ರೂಪದಲ್ಲಿರಲಿ. ಎಂಪಿ3 ಜಾಗ ಉಳಿಸಲು ಸದ್ದಿನ ಕೆಲವು ಭಾಗಗಳನ್ನು ಬಿಟ್ಟುಬಿಡುತ್ತದೆ.

ಆ ರಾತ್ರಿ

ಇಷ್ಟೆಲ್ಲ ಕಲಿತೂ ನಾನು ಒಂದು ತಪ್ಪು ಮಾಡಿದೆ. ಈ ರೆಕಾರ್ಡರ್‌ನಲ್ಲಿ ರೆಕಾರ್ಡ್ ಗುಂಡಿಯನ್ನು ಒಮ್ಮೆ ಒತ್ತಿದರೆ ಅದು ಸಿದ್ಧವಾಗುತ್ತದೆ ಅಷ್ಟೆ. ಕೆಂಪು ದೀಪ ಮಿಟುಕುತ್ತದೆ, ಹೆಡ್‌ಫೋನಿನಲ್ಲಿ ಸದ್ದೂ ಕೇಳುತ್ತದೆ. ಎರಡನೇ ಸಲ ಒತ್ತಿದಾಗಲೇ ದೀಪ ಸ್ಥಿರವಾಗಿ, ಸಮಯದ ಅಂಕಿ ಓಡಲು ಶುರುವಾಗುತ್ತದೆ. ನಾನು ಒಮ್ಮೆ ಒತ್ತಿ ಕುಳಿತೆ. ಮೊದಲ ಹಾಡು ಮುಗಿದ ಮೇಲೆ ನೋಡಿದರೆ ಅಂಕಿ ಸೊನ್ನೆಯಲ್ಲೇ ಇತ್ತು. ಇನ್ನೊಮ್ಮೆ ಹಾಡಿ ಎಂದು ನಾನಿಯನ್ನು ಕೇಳಿಕೊಂಡೆ. ಅವರು ಹಾಡಲಿಲ್ಲ. ಹಲ್ದಿ ಹಚ್ಚುವ ಹಾಡನ್ನು ಹಲ್ದಿ ಹಚ್ಚುವಾಗಲೇ ಹಾಡಬೇಕು ಅಂದರು. ಉಳಿದ ಹನ್ನೊಂದು ಹಾಡುಗಳು ಸಿಕ್ಕವು.

ಕೂಡಿಸುವ ಕೆಲಸ

ಮೊದಲು ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿ. ಮೂಲ ಫೈಲನ್ನು ಮುಟ್ಟದೆ ಕಾಪಿಯ ಮೇಲೆ ಕೆಲಸ ಮಾಡಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ನಾಲ್ಕು ಟ್ರ್ಯಾಕುಗಳನ್ನೂ ಒಂದರ ಕೆಳಗೊಂದು ತೆರೆಯಬಹುದು. ನಾನಿಯ ದನಿ ಏರಿಸಿದೆ, ಢೋಲಕ್ ತಗ್ಗಿಸಿದೆ, ಕೋರಸ್ ಅನ್ನು ಎಡ ಬಲದಲ್ಲಿ ಹಾಗೆಯೇ ಬಿಟ್ಟೆ.

ಒಂದು ವಿಚಿತ್ರ ಕಂಡಿತು. ಢೋಲಕ್‌ನ ಒಂದೇ ಪೆಟ್ಟು ಎರಡು ಸಲ ಬಿದ್ದಂತೆ ಮಬ್ಬಾಗಿ ಕೇಳುತ್ತಿತ್ತು. ಕಾರಣ ದೂರ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ, ಅಂದರೆ ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್. ರೆಕಾರ್ಡರ್ ಢೋಲಕ್‌ನಿಂದ ಮೂರು ಮೀಟರ್ ದೂರದಲ್ಲಿತ್ತು. ಕೋಣೆಯ ಟ್ರ್ಯಾಕುಗಳನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತ ಹೋದೆ. ಸುಮಾರು 8 ಮಿಲಿಸೆಕೆಂಡಿಗೆ ಬಂದಾಗ ಪೆಟ್ಟು ಗಟ್ಟಿಯಾಯಿತು.

ಕೊನೆಯದಾಗಿ ಫೈಲಿನ ಹೆಸರಿನಲ್ಲಿ ತಾರೀಖು, ಹಾಡಿದವರು, ಯಾವ ಸಂದರ್ಭದ ಹಾಡು ಎಂದು ಬರೆಯಿರಿ. ಹೆಸರಿಲ್ಲದ ಫೈಲ್ ಎಂದರೆ ವಿವರ ಬರೆಯದ ವೋಚರ್ ಇದ್ದಂತೆ.

ಅನುಮತಿ

ಹಾಡಿದವರ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡಬಾರದು, ಒಪ್ಪಿಗೆಯಿಲ್ಲದೆ ಹಂಚಲೂಬಾರದು. ನಾನು ಕೋಣೆಯಲ್ಲಿದ್ದ ಎಲ್ಲರನ್ನೂ ಮೊದಲೇ ಕೇಳಿದ್ದೆ. ಮನೆಯ ಹೊರಗೆ ಹೋಗಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು. ಆದ್ದರಿಂದ ಆ ಹಾಡುಗಳನ್ನು ನಿಮಗೆ ಕೇಳಿಸಲು ನನಗೆ ಸಾಧ್ಯವಿಲ್ಲ, ದಯವಿಟ್ಟು ಕೇಳಬೇಡಿ.

ಕೆಲಸ ಮುಗಿದ ಮೇಲೆ ನಾನಿಯ ಕಿವಿಗೆ ಹೆಡ್‌ಫೋನ್ ಹಾಕಿದೆ. "ಮೇರಿ ಅವಾಜ್ ಐಸಿಚ್ ಹೈ ಕ್ಯಾ?" ಅಂದರು. ನನ್ನ ದನಿ ಹೀಗೇ ಇದೆಯಾ ಎಂದು ನಗುತ್ತಾ ಪೂರ್ತಿ ಕೇಳಿದರು. ಆಮೇಲೆ, ಅಕ್ಕನದನ್ನೂ ಹಾಕು ಅಂದರು. ಅವರ ಅಕ್ಕನ ದನಿ ಇರುವುದು ಎರಡು ವರ್ಷದ ಹಿಂದಿನ ಆ ಮೊಬೈಲ್ ಫೈಲಿನಲ್ಲಿ ಮಾತ್ರ. ಅದನ್ನೇ ಹಾಕಿದೆ. ಢೋಲಕ್ ಸದ್ದಿನ ನಡುವೆ ಅವರು ಕಣ್ಣು ಮುಚ್ಚಿ ಕೇಳುತ್ತಾ ಕುಳಿತರು.

ಸ್ನೇಹಿತರೇ, ನಿಮ್ಮ ಮನೆಯಲ್ಲಿಯೂ ಹಾಡುವ, ಕಥೆ ಹೇಳುವ ಹಿರಿಯರು ಇರಬಹುದು. ಕನ್ನಡವೋ ಉರ್ದುವೋ ಬ್ಯಾರಿಯೋ ತುಳುವೋ, ಭಾಷೆ ಯಾವುದಾದರೂ ಸರಿ. ನಾಲ್ಕು ಟ್ರ್ಯಾಕಿನ ಯಂತ್ರ ಸಿಗದಿದ್ದರೆ ಎರಡು ಮೊಬೈಲ್‌ಗಳನ್ನಾದರೂ ಬಳಸಿ. ಒಂದು ಹಾಡುವವರ ಹತ್ತಿರ, ಇನ್ನೊಂದು ವಾದ್ಯದ ಹತ್ತಿರ. ಶುರುವಿನಲ್ಲಿ ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ, ಆಮೇಲೆ ಎರಡು ಫೈಲುಗಳನ್ನು ಹೊಂದಿಸಲು ಅದೇ ಗುರುತು. ನಮ್ಮ ಕಾಲೇಜಿನ ವಾರ್ಷಿಕೋತ್ಸವವನ್ನೂ ಈ ಸಲ ಹೀಗೆ ರೆಕಾರ್ಡ್ ಮಾಡಬಹುದೇ ಎಂದು ಪ್ರಾಂಶುಪಾಲರಲ್ಲಿ ವಿನಂತಿಸುತ್ತೇನೆ. ಕೇಬಲ್ ಹಿಡಿಯಲು ನಾನು ಸಿದ್ಧ.

 ನೀವು ರೆಕಾರ್ಡ್ ಮಾಡುವಾಗ ಒಂದು ಮಾತು ಮರೆಯಬೇಡಿ: ಕೆಂಪು ದೀಪ ಮಿಟುಕುತ್ತಿದೆಯೋ ಸ್ಥಿರವಾಗಿದೆಯೋ, ಮೊದಲು ನೋಡಿ.