ಕಾರು ಖರೀದಿ: ವಿಶ್ವಾಸಾರ್ಹತೆ ಬೇರೆ, ಮಾಲೀಕರ ತೃಪ್ತಿ ಬೇರೆ

ವ್ಯಾಪಾರಿಗೂ ಸಣ್ಣ ಉದ್ಯಮಿಗೂ ಕಾರು ಎಂಬುದು ಯಂತ್ರೋಪಕರಣದಂತೆ ಒಂದು ಬಂಡವಾಳ ಹೂಡಿಕೆಯೇ ಆಗಿದೆ. ಅದು ಗ್ಯಾರೇಜಿನಲ್ಲಿ ನಿಂತ ದಿನ ರಿಪೇರಿ ಬಿಲ್ಲಿನ ಜೊತೆಗೆ ತಪ್ಪಿದ ಭೇಟಿ, ತಡವಾದ ವಸೂಲಿ, ಬಾಡಿಗೆ ವಾಹನದ ವೆಚ್ಚಗಳೂ ಸೇರುತ್ತವೆ. ಹೀಗಿದ್ದರೂ ಲೇತ್ ಯಂತ್ರವನ್ನು ಕೊಳ್ಳುವಾಗ ತೋರುವ ಎಚ್ಚರವನ್ನು ಕಾರು ಕೊಳ್ಳುವಾಗ ಅನೇಕರು ತೋರುವುದಿಲ್ಲ. ಬ್ರಾಂಡುಗಳ ಶ್ರೇಯಾಂಕ ಪಟ್ಟಿಯಲ್ಲಿ ಮೇಲಿರುವ ಹೆಸರನ್ನು ನೋಡಿ ತೀರ್ಮಾನಿಸುತ್ತಾರೆ. ಆ ಪಟ್ಟಿಯು ಏನನ್ನು ಅಳೆದಿದೆ ಎಂಬುದನ್ನು ಮೊದಲು ಅರಿಯುವುದು ಅಗತ್ಯ.

ಎರಡು ಅಳತೆಗೋಲುಗಳು

ವಿಶ್ವಾಸಾರ್ಹತೆಯು ನಿರ್ದಿಷ್ಟ ಅವಧಿಯಲ್ಲಿ ವಾಹನ ಎಷ್ಟು ಬಾರಿ ತೊಂದರೆ ಕೊಟ್ಟಿತೆಂಬ ಎಣಿಕೆ. ತೃಪ್ತಿಯು ಮಾಲೀಕರ ಅಭಿಪ್ರಾಯ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯು ಹೊಸ ಕಾರುಗಳ ಮೊದಲ 90 ದಿನಗಳ ತೊಂದರೆಗಳನ್ನು ಒಂದು ಸಮೀಕ್ಷೆಯಲ್ಲಿಯೂ, ಮೂರು ವರ್ಷ ಹಳೆಯ ಕಾರುಗಳ ತೊಂದರೆಗಳನ್ನು ಮತ್ತೊಂದರಲ್ಲಿಯೂ ಎಣಿಸುತ್ತದೆ. 100 ವಾಹನಗಳಿಗೆ ಎಷ್ಟು ತೊಂದರೆ ಎಂಬುದೇ ಎರಡರಲ್ಲಿಯೂ ಮಾನ. 1936ರಲ್ಲಿ ಸ್ಥಾಪಿತವಾದ, ಜಾಹೀರಾತುಗಳನ್ನು ಸ್ವೀಕರಿಸದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆಯು ಸದಸ್ಯರಿಂದ ತೊಂದರೆಗಳ ವಿವರ ಪಡೆಯುವುದಲ್ಲದೆ, ಅದೇ ಕಾರನ್ನು ಮತ್ತೆ ಕೊಳ್ಳುವಿರಾ ಎಂದೂ ಕೇಳುತ್ತದೆ.

ಈ ಎರಡು ಉತ್ತರಗಳು ಸದಾ ಒಂದೇ ದಿಕ್ಕಿನಲ್ಲಿರುವುದಿಲ್ಲ. 2015ರಲ್ಲಿ ಟೆಸ್ಲಾ ಮಾಡೆಲ್ ಎಸ್ ಕಾರಿನ ತೊಂದರೆಗಳ ಪ್ರಮಾಣ ಸರಾಸರಿಗಿಂತ ಹೆಚ್ಚೆಂದು ಕಂಡುಬಂದಾಗ ಕನ್ಸ್ಯೂಮರ್ ರಿಪೋರ್ಟ್ಸ್ ತನ್ನ ಶಿಫಾರಸನ್ನು ಹಿಂದೆಗೆದುಕೊಂಡಿತು. ಆದರೆ ಅದೇ ಸಮೀಕ್ಷೆಯಲ್ಲಿ ಶೇ. 97ರಷ್ಟು ಮಾಲೀಕರು ಆ ಕಾರನ್ನೇ ಮತ್ತೆ ಕೊಳ್ಳುವುದಾಗಿ ತಿಳಿಸಿದ್ದರು. ವೇಗ, ಹೊಸತನ, ಸಂಸ್ಥೆಯ ಸೇವೆ ಇವು ದೋಷಗಳನ್ನು ಮರೆಸಬಲ್ಲವು. ದಿನವೂ ಸರಕಿನ ಹಿಂದೆ ಓಡಾಡುವ ವರ್ತಕನಿಗೆ ಆ ಮರೆವು ದುಬಾರಿಯಾದೀತು.

ಅಂಕಿಗಳನ್ನು ಓದುವ ಬಗೆ

ಒಂದು ಬ್ರಾಂಡಿಗೆ 100 ವಾಹನಗಳಲ್ಲಿ 150 ತೊಂದರೆ, ಇನ್ನೊಂದಕ್ಕೆ 200 ಎಂದು ಭಾವಿಸೋಣ. ಪಟ್ಟಿಯಲ್ಲಿ ಅವುಗಳ ನಡುವೆ ಹತ್ತಾರು ಹೆಸರುಗಳಿರಬಹುದು. ಒಂದು ಕಾರಿನ ಮಟ್ಟಿಗೆ ವ್ಯತ್ಯಾಸವು ಅರ್ಧ ತೊಂದರೆ ಮಾತ್ರ. ಜೊತೆಗೆ ಜೆ.ಡಿ. ಪವರ್ ಎಣಿಕೆಯಲ್ಲಿ ಫೋನ್ ಜೋಡಣೆಯ ಅಡಚಣೆಯೂ ಗೇರ್‌ಬಾಕ್ಸ್ ದೋಷವೂ ತಲಾ ಒಂದು ತೊಂದರೆಯೇ. ಕನ್ಸ್ಯೂಮರ್ ರಿಪೋರ್ಟ್ಸ್ ಗಂಭೀರ ದೋಷಗಳಿಗೆ ಹೆಚ್ಚಿನ ತೂಕ ನೀಡುತ್ತದೆ. ಬ್ರಾಂಡಿನ ಅಂಕಿ ಅದರ ಎಲ್ಲ ಮಾದರಿಗಳ ಸರಾಸರಿಯಾದುದರಿಂದ, ಕೊಳ್ಳಲಿರುವ ಮಾದರಿಯನ್ನೇ ಪ್ರತ್ಯೇಕವಾಗಿ ನೋಡತಕ್ಕದ್ದು.

ಹೆಸರಿನ ಬೆಲೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಮತ್ತು ಟೊಯೊಟಾ ಜಂಟಿಯಾಗಿ ನಡೆಸಿದ ಕಾರ್ಖಾನೆಯಲ್ಲಿ 1984ರಿಂದ ಕಾರುಗಳು ತಯಾರಾದವು. ಅಲ್ಲಿ ಟೊಯೊಟಾ ಕೊರೊಲಾ ಮತ್ತು ಜಿಯೊ ಪ್ರಿಜ್ಮ್ ಎಂಬ ಅವಳಿ ಕಾರುಗಳು ಸಿದ್ಧವಾಗುತ್ತಿದ್ದವು. ಯಾಂತ್ರಿಕವಾಗಿ ಬಹುಮಟ್ಟಿಗೆ ಒಂದೇ ಆಗಿದ್ದರೂ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಕೊರೊಲಾಗೆ ಹೆಚ್ಚು ಬೆಲೆ ದೊರೆಯುತ್ತಿತ್ತು. ಭಾರತದಲ್ಲಿಯೂ ಮಾರುತಿ ಸುಜುಕಿ ಬಲೆನೊ ಕಾರನ್ನೇ ಆಧರಿಸಿದ ಗ್ಲಾನ್ಜಾವನ್ನು 2019ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ ತನ್ನ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇಂತಹ ಅವಳಿಗಳಲ್ಲಿ ಹೋಲಿಸಬೇಕಾದುದು ವಾರಂಟಿ, ಸೇವೆ ಮತ್ತು ಮರುಮಾರಾಟ ಬೆಲೆಗಳನ್ನು. ಹಳೆಯ ಕಾರನ್ನು ಕೊಳ್ಳುವವನಿಗಂತೂ ಕಡಿಮೆ ಹೆಸರಿನ ಅವಳಿಯೇ ಲಾಭದಾಯಕ.

ಪೂರ್ಣ ವೆಚ್ಚದ ಲೆಕ್ಕ

ಉದಾಹರಣೆಗೆ, 8 ಲಕ್ಷ ರೂಪಾಯಿಗೆ ಕೊಂಡ 'ಅ' ಕಾರು ಐದು ವರ್ಷಗಳಲ್ಲಿ 1 ಲಕ್ಷ ಕಿಲೋಮೀಟರ್ ಓಡಿ, 4 ಲಕ್ಷಕ್ಕೆ ಮಾರಾಟವಾಯಿತೆನ್ನೋಣ. ರಿಪೇರಿ ಮತ್ತು ನಿರ್ವಹಣೆಗೆ 1 ಲಕ್ಷ ತಗುಲಿತು. ನಿವ್ವಳ ವೆಚ್ಚ 5 ಲಕ್ಷ. 7 ಲಕ್ಷದ 'ಆ' ಕಾರು ಅಷ್ಟೇ ಓಡಿ, 1.4 ಲಕ್ಷ ನಿರ್ವಹಣಾ ವೆಚ್ಚ ತಂದು, 2.5 ಲಕ್ಷಕ್ಕೆ ಮಾರಾಟವಾದರೆ ನಿವ್ವಳ ವೆಚ್ಚ 5.9 ಲಕ್ಷ. ಇಂಧನವನ್ನು ಬಿಟ್ಟರೆ ಕಿಲೋಮೀಟರಿಗೆ ಮೊದಲನೆಯದು 5 ರೂಪಾಯಿ, ಎರಡನೆಯದು 5 ರೂ. 90 ಪೈಸೆ. ಅಗ್ಗವೆಂದು ತೋರಿದ ಕಾರೇ ತುಟ್ಟಿಯಾಯಿತು. ಕಾರು ನಿಂತ ದಿನಗಳ ನಷ್ಟವನ್ನು ಇದಕ್ಕೆ ಕೂಡಿಸಬೇಕು.

ತಯಾರಕರ ಮುಂದಿನ ಹಾದಿಯೂ ಪರಿಗಣನಾರ್ಹ. ಜನರಲ್ ಮೋಟರ್ಸ್ 2017ರಲ್ಲಿ ಭಾರತದಲ್ಲಿ ಮಾರಾಟವನ್ನು ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆಯನ್ನು ಕೈಬಿಡುವ ನಿರ್ಧಾರ ಪ್ರಕಟಿಸಿತು. ಕಾರು ಗಟ್ಟಿಯಾಗಿದ್ದರೂ ಸಂಸ್ಥೆ ಹೊರಟುಹೋದಾಗ ಬಿಡಿಭಾಗ ಮತ್ತು ಮರುಮಾರಾಟದ ಚಿಂತೆ ಮಾಲೀಕನ ಪಾಲಿಗೆ ಉಳಿಯುತ್ತದೆ.

ಪಾಲಿಸಬೇಕಾದ ಕ್ರಮಗಳು

1. ಅದೇ ಮಾದರಿಯನ್ನು ಮೂರರಿಂದ ಐದು ವರ್ಷ ಬಳಸಿದವರನ್ನು ವಿಚಾರಿಸುವುದು. 'ಕಾರು ಹೇಗಿದೆ' ಎಂದಷ್ಟೇ ಕೇಳದೆ, ಎಷ್ಟು ಬಾರಿ, ಎಷ್ಟು ದಿನ ನಿಂತಿತು ಎಂದು ಕೇಳುವುದು.

2. ತಮ್ಮ ಊರಿನಲ್ಲಿ ಸರ್ವಿಸ್ ಕೇಂದ್ರವಿದೆಯೇ, ಬಿಡಿಭಾಗ ಎಷ್ಟು ದಿನಗಳಲ್ಲಿ ಬರುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು.

3. ಪ್ರತಿ ವಾಹನಕ್ಕೂ ಒಂದು ಪುಸ್ತಕವಿಟ್ಟು ದಿನಾಂಕ, ಓಡಿದ ದೂರ, ದೋಷ, ವೆಚ್ಚ, ನಿಂತ ದಿನಗಳನ್ನು ಬರೆಯುವುದು. ಮುಂದಿನ ಖರೀದಿಗೆ ಇದಕ್ಕಿಂತ ಉತ್ತಮ ಸಮೀಕ್ಷೆಯಿಲ್ಲ.

ಇದೇ ಪಾಠ ಸಣ್ಣ ತಯಾರಕರ ಸ್ವಂತ ಸರಕಿಗೂ ಅನ್ವಯಿಸುತ್ತದೆ. ವಾಪಸು ಬಂದ ಸರಕಿನ ಎಣಿಕೆ ಮತ್ತು ಗ್ರಾಹಕರು ಮತ್ತೆ ಕೊಳ್ಳುವರೇ ಎಂಬ ಪ್ರಶ್ನೆ, ಇವೆರಡಕ್ಕೂ ಬೇರೆಬೇರೆ ಉತ್ತರ ದೊರೆತಲ್ಲಿ ಕಾರಣವನ್ನು ಹುಡುಕಲೇಬೇಕು. ಸಂತುಷ್ಟ ಗ್ರಾಹಕ ಇಂದು ಕ್ಷಮಿಸಿದ ದೋಷವನ್ನು ನಾಳೆಯ ಹೊಸ ಗ್ರಾಹಕ ಕ್ಷಮಿಸುವನೆಂಬ ಭರವಸೆಯಿಲ್ಲ.